ಕಳಿಸಲಾ ಎಂದು ಕೇಳುವ ವಿಂಡೋ

ಸಿಟ್ಟು ಮಾಡಿಕೊಳ್ಳಬಾರದು ಎಂದು ದಿನಾ ಬೆಳಿಗ್ಗೆ ತೀರ್ಮಾನ ಮಾಡಿಯೇ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಕಾಫಿ ಆರುವುದರೊಳಗೆ ಯಾರಾದರೂ ಫೋನು ಮಾಡಿ ಆ ತೀರ್ಮಾನವನ್ನು ಕೆಡಿಸುತ್ತಾರೆ. ನನ್ನ ಕಸುಬೇ ಅಂಥದ್ದು.

ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಚನ್ನಗಿರಿಯಲ್ಲಿ ಅದನ್ನು ಕೇಳಿದವರೆಲ್ಲ "ಹಂಗಂದ್ರೆ ಏನ್ರೀ?" ಎನ್ನುತ್ತಾರೆ. ಕಚೇರಿಗಳ ಕಂಪ್ಯೂಟರಿನಲ್ಲಿ ಮೇಲ್ ಪ್ರೋಗ್ರಾಂ ಇರುತ್ತದಲ್ಲ, ಅದರ ಬಲಗಡೆ ನಾಲ್ಕು ಬೆರಳಗಲದ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದು ಪ್ರೋಗ್ರಾಮಿನ ಜೊತೆ ಬಂದದ್ದಲ್ಲ. ಆಯಾ ಕಚೇರಿಯವರು ತಮಗೆ ಬೇಕಾದಂತೆ ಆಮೇಲೆ ಸೇರಿಸಿಕೊಳ್ಳುವುದು. ಆಡ್-ಇನ್ ವಿಂಡೋ ಎನ್ನುತ್ತಾರೆ. ಅದರಲ್ಲಿ ಬಟನ್ ಎಲ್ಲಿರಬೇಕು, ಯಾವ ಮಾತು ಬರೆಯಬೇಕು, ಯಾವ ಬಣ್ಣ ಹಚ್ಚಬೇಕು ಎಂದು ಯೋಚಿಸಿ ಡಿಸೈನ್ ಮಾಡಿಕೊಡುವವಳು ನಾನು. ಕೋಡ್ ಬರೆಯುವವರು ದಾವಣಗೆರೆಯಲ್ಲಿ ಕೂತಿದ್ದಾರೆ, ಅವರ ಫೋನ್ ನಂಬರು ಯಾರಿಗೂ ಗೊತ್ತಿಲ್ಲ. ಬೈಸಿಕೊಳ್ಳುವುದೆಲ್ಲ ನನ್ನ ಪಾಲು.

ಇಲ್ಲಿ ಹೇಳುವುದೆಲ್ಲ ಒಂದೇ ವಿಂಡೋದ ಕಥೆ. ಬೀಜ, ಗೊಬ್ಬರ ಮಾರುವ ಒಂದು ಸಹಕಾರ ಸಂಘಕ್ಕೆ ಮಾಡಿಕೊಟ್ಟದ್ದು. ಮುಖ್ಯ ಕಚೇರಿ ಚನ್ನಗಿರಿಯಲ್ಲಿ, ಶಾಖೆಗಳು ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಲ್ಲಿ. ಸಂಘದ ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನೂ ದೊಡ್ಡಕ್ಷರದಲ್ಲಿ ಹಾಕ್ರಿ ಎಂದು ಫೋನು ಬರುತ್ತದೆ.

೧. ಫ್ಯಾನಿನ ಕೆಳಗೆ

ನ್ಯಾಮತಿ ಶಾಖೆಯಲ್ಲಿ ಒಬ್ಬಾಕೆ ಗುಮಾಸ್ತೆ ಇದ್ದಾರೆ. ಶಾಖೆ ಎಂದರೆ ಆಕೆ, ಒಂದು ಕಂಪ್ಯೂಟರು, ಗೊಬ್ಬರದ ಚೀಲಗಳು ಮತ್ತು ಗಿರಾಕಿಗಳು ಕೂರಲೆಂದು ಒಂದು ಬೆಂಚು. ಸಂಘದ ನಿರ್ದೇಶಕರೊಬ್ಬರು ದಿನಾ ಮಧ್ಯಾಹ್ನ ಊಟ ಮುಗಿಸಿ ಬಂದು ಆ ಬೆಂಚಿನ ಮೇಲೆ, ಫ್ಯಾನಿನ ಕೆಳಗೆ ಉದ್ದಕ್ಕೆ ಮಲಗಿಬಿಡುತ್ತಿದ್ದರು. ದುಡ್ಡು ಕೊಟ್ಟು ಗೊಬ್ಬರ ಒಯ್ಯಲು ಬಂದವರು ಗೋಡೆಗೆ ಒರಗಿ ನಿಲ್ಲಬೇಕು. ಆಕೆ ಎಷ್ಟು ದಿನ ಅಂತ ನೋಡಿಯಾರು. ಕೊನೆಗೆ ಚನ್ನಗಿರಿಯ ಸೆಕ್ರೆಟರಿಗೆ ಒಂದು ಮೇಲ್ ಬರೆದರು. ವಿಳಾಸದ ಜಾಗದಲ್ಲಿ ಒಂದಕ್ಷರ ಒತ್ತಿದರೆ ಉಳಿದದ್ದನ್ನು ಮೇಲ್ ಪ್ರೋಗ್ರಾಂ ತಾನೇ ತುಂಬಿಕೊಳ್ಳುತ್ತದೆ. ಆಕೆ ಸೆಕ್ರೆಟರಿ ಎಂದುಕೊಂಡರು, ಅದು 'ಸರ್ವ ಸದಸ್ಯರು' ಎಂದು ತುಂಬಿಕೊಂಡಿತು. ಆಡಳಿತ ಮಂಡಳಿ, ಎಲ್ಲ ಶಾಖೆ, ಮೇಲ್ ವಿಳಾಸ ಇರುವ ಎಲ್ಲ ರೈತರು, ಒಬ್ಬರೂ ಉಳಿಯದಂತೆ ಹೋಗಿ ಮುಟ್ಟಿತು.

ಮಲಗಿದವರಿಗೆ ಯಾರೂ ಏನೂ ಅನ್ನಲಿಲ್ಲ. ಆಕೆಯ ಮೇಲೆ ಬಿದ್ದರು. ಸೆಕ್ರೆಟರಿ ಒಂದು ನಿಯಮವನ್ನೇ ಹೊರಡಿಸಿದರು: "ಇನ್ನು ಯಾರ ಮೇಲ್ ತಪ್ಪಿ ಹೋದ್ರೂ ಅವ್ರು ಸೀದಾ ಜಗಳೂರಿಗೆ." ಜಿಲ್ಲೆಯ ಈ ತುದಿ ನ್ಯಾಮತಿಯಾದರೆ ಆ ತುದಿ ಜಗಳೂರು. ಆಕೆಯ ಗಂಡ ನ್ಯಾಮತಿಯಲ್ಲಿ ಬೈಕ್ ರಿಪೇರಿ ಮಾಡುತ್ತಾರೆ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಆಕೆ ನನಗೆ ಫೋನು ಮಾಡಿ, "ಅಕ್ಕಾರೆ, ಕಳ್ಸಾಕೆ ಮುಂಚೆ ಒಂದ್ ಮಾತು ಕೇಳ ಹಂಗೆ ಏನರ ಮಾಡಿಕೊಡ್ರಿ. ಜಗಳೂರಿಗೆ ಹಾಕಿದ್ರೆ ನಾನು ಕೆಲ್ಸ ಬಿಟ್ಟಂಗೇನೆ" ಎಂದರು. ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಆ ನಿರ್ದೇಶಕರೂ ಸುಮ್ಮನಿರಲಿಲ್ಲ. ಅವರೂ ಸರ್ವ ಸದಸ್ಯರಿಗೇ ಉತ್ತರ ಬರೆದರು: "ಈ ಆರೋಪ ಶುದ್ಧ ಸುಳ್ಳು. ಆ ಫ್ಯಾನಿನ ಕೆಳಗೆ ಯಾರಿಗೂ ನಿದ್ದೆ ಬರುವುದಿಲ್ಲ. ಗಾಳಿಗಿಂತ ಸದ್ದೇ ಜಾಸ್ತಿ. ಹೊಸದು ಹಾಕಿಸಬೇಕಾಗಿ ವಿನಂತಿ."

೨. ಫೋಟೋ ಇಲ್ಲದ ವಿಂಡೋ

ನನ್ನ ಕೆಲಸದಲ್ಲಿ ಒಂದೇ ಧರ್ಮ. ವಿಂಡೋದಲ್ಲಿ ಒಂದು ಪ್ರಶ್ನೆ ಇರಬೇಕು, ಎರಡು ಬಟನ್ ಇರಬೇಕು, ಮಿಕ್ಕದ್ದೆಲ್ಲ ಖಾಲಿ ಇರಬೇಕು. ಹಾಗೇ ಮಾಡಿದ್ದೆ. 'ಈ ಮೇಲ್ ಇಷ್ಟು ಜನರಿಗೆ ಹೋಗುತ್ತಿದೆ. ಕಳಿಸಲಾ?' ಎಂಬ ಪ್ರಶ್ನೆ, ಅದರ ಕೆಳಗೆ ಹೆಸರುಗಳು, ಆಮೇಲೆ 'ಕಳಿಸು', 'ಬೇಡ'. ನೋಡಿದರೆ ಕಣ್ಣಿಗೆ ತಂಪು. ಸೆಕ್ರೆಟರಿಗೆ ತೋರಿಸಲು ಒಯ್ದೆ.

ಅವರು ಕನ್ನಡಕ ಹಾಕದೆ ದೂರದಿಂದಲೇ ನೋಡಿದರು. "ಬಣಬಣ ಅಂತೈತಲ್ರೀ ಮೇಡಂ. ಅಧ್ಯಕ್ಷರ ಫೋಟೋ ಎಲ್ಲಿ?"

"ಸರ್, ಇದು ಮೇಲ್ ಕಳಿಸುವಾಗ ಬರುವ ವಿಂಡೋ. ಫೋಟೋ ಯಾಕೆ?"

"ಅಧ್ಯಕ್ಷರ ಫೋಟೋ ಇಲ್ದೆ ನಮ್ಮ ಸಂಘದಾಗೆ ಒಂದು ಚೀಟಿನೂ ಹೊರಗ್ ಹೋಗಲ್ಲ."

ಅಧ್ಯಕ್ಷರನ್ನು ಹಾಕಿದೆ. ಹಾಕಿದ ಮೇಲೆ ಉಪಾಧ್ಯಕ್ಷರು ಬೇಜಾರಾಗುತ್ತಾರೆ ಎಂದರು. ಅವರನ್ನೂ ಹಾಕಿದೆ. ನಿರ್ದೇಶಕರು ಏನು ಪಾಪ ಮಾಡಿದ್ದಾರೆ ಎಂದರು. ಸಂಘ ಕಟ್ಟಿದ ಹಿರಿಯರೊಬ್ಬರು ತೀರಿಕೊಂಡಿದ್ದಾರೆ, ಅವರದು ಹಾರ ಹಾಕಿದ ಫೋಟೋ ಮೇಲೆ ಬರಲಿ ಎಂದರು. ಬಸ್ ಸ್ಟ್ಯಾಂಡಿನ ಮುಂದೆ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುತ್ತಾರಲ್ಲ, ಮೇಲೆ ದೊಡ್ಡ ತಲೆ, ಕೆಳಗೆ ಗುಂಡಗುಂಡಗೆ ಸಣ್ಣ ತಲೆಗಳು, ಅದೇ ಆಯಿತು ನನ್ನ ನಾಲ್ಕು ಬೆರಳಿನ ವಿಂಡೋ. ಪ್ರಶ್ನೆ ಎಲ್ಲೋ ಕೆಳಗೆ ಹೋಯಿತು. ಬಟನ್‌ಗಳಂತೂ ಪರದೆಯಿಂದಲೇ ಆಚೆ.

"ಸರ್, ಬಟನ್ ಕಾಣೋದೇ ಇಲ್ಲ" ಎಂದೆ. ನನ್ನ ಧ್ವನಿ ಏರಿತ್ತು, ಏರಿದ್ದು ನನಗೂ ಗೊತ್ತಿತ್ತು.

"ಬಟನ್ ಆಮೇಲೆ ನೋಡಾಣ. ಉಪಾಧ್ಯಕ್ಷರ ಮುಖ ಒಂದ್ ಸ್ವಲ್ಪ ಸಣ್ಣದಾಗೈತೆ, ಅದನ್ನ ನೋಡ್ರಿ ಮೊದ್ಲು."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಗೋಡೆಗೆ ಹೇಳಿ ಬಂದೆ. ಆಮೇಲೆ ಒಂದು ಉಪಾಯ ಮಾಡಿದೆ. ಮೇಲ್ಗಡೆ ಒಂದೇ ಫೋಟೋ. ವಿಂಡೋ ತೆರೆದಾಗಲೆಲ್ಲ ಒಬ್ಬೊಬ್ಬರದು ಬರುತ್ತದೆ. ಎಲ್ಲರಿಗೂ ಸಮಪಾಲು, ಬಟನ್‌ಗಳೂ ಜಾಗಕ್ಕೆ ಬಂದವು. ಗೆದ್ದೆ ಎಂದುಕೊಂಡೆ.

ಮರುದಿನ ಉಬ್ರಾಣಿ ಕಡೆಯ ನಿರ್ದೇಶಕರೊಬ್ಬರ ಫೋನು. ಮುಖ್ಯ ಕಚೇರಿಯಲ್ಲಿ ಕೂತು ಬೆಳಗಿನಿಂದ ವಿಂಡೋ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದಾರಂತೆ. "ನಂದು ಒಂದ್ಸಲ ಬಂದಿತ್ತು ಮೇಡಂ, ಮೊಬೈಲು ತೆಗಿಯದ್ರೊಳಗೆ ಹೊಂಟೋತು. ಸ್ವಲ್ಪ ಹೊತ್ತು ನಿಲ್ಲ ಹಂಗೆ ಮಾಡಿಕೊಡ್ರಿ, ಸ್ಟೇಟಸ್ಸಿಗೆ ಹಾಕ್ಬೇಕು."

೩. ಕಂಡಕ್ಟರ್ ಕೈಯಲ್ಲಿ

ಹೀಗೆ ಅಂತೂ ವಿಂಡೋ ನಾಲ್ಕೂ ಊರಿಗೆ ಹೋಯಿತು. ಯಾವ ಶಾಖೆಯಿಂದ ಎಷ್ಟು ಮೇಲ್ ಹೊರಟವು ಎಂದು ನೋಡುವ ಕುತೂಹಲ ನನಗೆ. ನ್ಯಾಮತಿಯಿಂದ ಒಂದೇ ಒಂದು ಮೇಲೂ ಹೊರಟಿರಲಿಲ್ಲ. ಕಂಪ್ಯೂಟರ್ ಕೆಟ್ಟಿದೆಯೇನೋ ಎಂದು ನಾನೇ ಬಸ್ಸು ಹತ್ತಿ ಹೋದೆ.

ಆಕೆ ಮೇಲ್ ಅನ್ನು ಚೆನ್ನಾಗಿ ಟೈಪ್ ಮಾಡಿದರು. ಎರಡು ಸಲ ಓದಿದರು. ಪ್ರಿಂಟ್ ತೆಗೆದರು. ಮಡಚಿ ಕವರಿಗೆ ಹಾಕಿ, ಅಂಟಿಸಿ, ಎದ್ದು ಹೋಗಿ ರಸ್ತೆಯಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದರು.

"ಇದೇನಮ್ಮಾ?" ಎಂದೆ.

"ಕಂಡಕ್ಟರು ನಮ್ಮನ್ಯೋರಿಗೆ ಗುರ್ತು ಅಕ್ಕಾರೆ. ಹೊನ್ನಾಳಿಲಿ ಇಳಿಸಿ ಚನ್ನಗಿರಿ ಬಸ್ಸಿಗೆ ದಾಟಿಸ್ತಾರೆ. ಯಾವತ್ತೂ ಬೇರೆಯೋರಿಗೆ ಕೊಟ್ಟಿಲ್ಲ."

"ಮತ್ತೆ ನಾನು ವಿಂಡೋ ಮಾಡಿಕೊಟ್ಟದ್ದು ಯಾತಕ್ಕೆ?"

"ಅದು ಕಳಿಸಲಾ ಅಂತ ಕೇಳ್ತೈತಲ್ಲ ಅಕ್ಕಾರೆ, ಕೇಳಿದ ತಕ್ಷಣ ನಂಗೆ ಜಗಳೂರು ಬಸ್ಸೇ ಕಣ್ಮುಂದೆ ಬರ್ತೈತೆ. ಬೇಡ ಅಂತ ಒತ್ತಿಬಿಡ್ತೀನಿ."

ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಒಂದು ಸಣ್ಣ ತಪ್ಪಿಗೆ ಒಬ್ಬರನ್ನು ಈ ಮಟ್ಟಕ್ಕೆ ಹೆದರಿಸಿಟ್ಟವರ ಮೇಲೆ ಬಂತು. ಪಕ್ಕದಲ್ಲಿ ಕೂತು, ಒಂದೊಂದಾಗಿ ತೋರಿಸಿ, ಒಂದು ಮೇಲ್ ಕಳಿಸಲು ಒಪ್ಪಿಸಿದೆ. 'ಯೂರಿಯಾ ಮುಗಿಯುತ್ತ ಬಂದಿದೆ, ಹೊನ್ನಾಳಿಯಿಂದ ಸ್ವಲ್ಪ ಕಳಿಸಿಕೊಡಬೇಕು' ಎಂಬ ಮೇಲ್. ಸೆಕ್ರೆಟರಿಗೆ ಮತ್ತು ಹೊನ್ನಾಳಿ ಮ್ಯಾನೇಜರಿಗೆ, ಇಬ್ಬರಿಗೇ. ಆಕೆ ಕಣ್ಣು ಮುಚ್ಚಿ 'ಕಳಿಸು' ಒತ್ತಿದರು. ಹೋಗಬೇಕಾದವರಿಗೇ ಹೋಯಿತು. ಇಬ್ಬರೂ ಟೀ ಕುಡಿದೆವು.

ಹೊರಡುವಾಗ ಆಕೆ ಒಂದು ಕವರು ಕೈಗಿಟ್ಟರು. "ಅದೇ ಮೇಲ್ ಅಕ್ಕಾರೆ. ನೀವು ಹೆಂಗೂ ಚನ್ನಗಿರಿಗೆ ಹೋಗ್ತೀರಲ್ಲ, ಇದನ್ನೂ ಕೊಟ್ಟುಬಿಡ್ರಿ."

೪. ಬಿಟ್ಟುಹೋದವರು

ಇನ್ನು ಹೊನ್ನಾಳಿ ಮ್ಯಾನೇಜರು. ಒಳ್ಳೆಯವರು. ಅಷ್ಟು ಒಳ್ಳೆಯವರಾಗಬಾರದು. ನಾನು ನ್ಯಾಮತಿಗೆ ಹೋಗಿ ಬಂದ ಮರುದಿನ ಅವರು ತಾವಾಗಿಯೇ ಫೋನು ಮಾಡಿದರು.

"ನಿಮ್ಮ ವಿಂಡೋ ಬಾಳ ಚೆನ್ನಾಗೈತೆ ಮೇಡಂ."

ಈ ಕಸುಬಿಗೆ ಬಂದ ಮೇಲೆ ಮೊದಲ ಸಲ ಹೊಗಳಿಕೆ ಕೇಳಿದ್ದು. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಕಳ್ಸಾಕೆ ಮುಂಚೆ ಎಲ್ಲಾರ ಹೆಸರೂ ತೋರಿಸ್ತೈತಲ್ಲ, ಯಾರ್ಯಾರು ಬಿಟ್ಟು ಹೋಗ್ಯಾರೆ ಅಂತ ಅದ್ರಾಗೆ ಗೊತ್ತಾಗ್ತೈತೆ. ಮದುವೆ ಕಾರ್ಡು ಹಂಚ್ದಂಗೆ ನೋಡ್ರಿ. ಒಂದು ಓಣಿಗೆ ಹೋಗಿ ಒಂದು ಮನೆಗೆ ಕೊಟ್ಟು ಇನ್ನೊಂದು ಮನೆ ಬಿಟ್ರೆ ಏನಂತಾರೆ?"

"ಏನು ಮಾಡಿದಿರಿ ಸರ್?" ಎಂದೆ.

"ನಿನ್ನೆ ನ್ಯಾಮತಿಯಿಂದ ಯೂರಿಯಾ ಮೇಲ್ ಬಂತು. ನಮ್ಮ ಗೋದಾಮಿನೋರಿಗೆ ಮುಂದೆ ಕಳ್ಸಾಣ ಅಂತ ಒತ್ತಿದೆ. ಇಷ್ಟೇ ಜನಕ್ಕೆ ಹೋಗ್ತೈತೆ, ಕಳಿಸಲಾ ಅಂತ ಕೇಳ್ತು. ನೋಡಿದ್ರೆ ಜಗಳೂರಿನೋರು ಇಲ್ಲ, ನಿರ್ದೇಶಕರು ಇಲ್ಲ, ರೈತರಂತೂ ಒಬ್ರೂ ಇಲ್ಲ. ಯಾರಿಗೂ ಬೇಜಾರಾಗಬಾರದು ಅಂತ ಎಲ್ಲಾರನ್ನೂ ಸೇರಿಸಿ ಹಾಕ್ದೆ."

ತಡೆಯಲೆಂದು ಕಟ್ಟಿದ ಗೇಟು, ಅದನ್ನು ಅವರು ಸ್ವಾಗತದ ಕಮಾನು ಮಾಡಿಕೊಂಡಿದ್ದರು. ಮರುದಿನ ಬೆಳಗಾಗುವುದರೊಳಗೆ ನ್ಯಾಮತಿ ಶಾಖೆಯ ಮುಂದೆ ಮೈಲುದ್ದದ ಸಾಲು. ಯೂರಿಯಾ ಮುಗಿಯುತ್ತದೆ ಎಂದು ಓದಿದ ಮೇಲೆ ಯಾವ ರೈತ ಮನೆಯಲ್ಲಿ ಕೂತಾನು? ಹೊತ್ತು ನೆತ್ತಿಗೆ ಬರುವ ಮೊದಲೇ ಗೊಬ್ಬರ ಖಾಲಿಯಾಗಿ ಜಗಳ ಶುರುವಾಯಿತು. ಸೆಕ್ರೆಟರಿ ಆ ಮೇಲ್ ತೆಗೆದು ನೋಡಿದರು. ಅದರ ಅಡಿಯಲ್ಲಿ ನ್ಯಾಮತಿ ಗುಮಾಸ್ತೆಯ ಹೆಸರಿತ್ತು. ಮೇಲ್ಗಡೆ ಕಳಿಸಿದವರ ಜಾಗದಲ್ಲಿ ಹೊನ್ನಾಳಿ ಎಂದಿತ್ತು, ಅದನ್ನು ನೋಡಲಿಲ್ಲ. ಆಕೆಯನ್ನು ಜಗಳೂರಿಗೆ ಹಾಕುವುದೇ ಸೈ ಎಂದರು.

ನಾನು ಒಂದೇ ಉಸಿರಿಗೆ ಅವರ ಕಚೇರಿಗೆ ಹೋದೆ. ಯಾರು ಯಾರಿಗೆ ಕಳಿಸಿದರು ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. "ತಪ್ಪಿದ್ದು ಹೊನ್ನಾಳಿಯವರಿಂದ ಸರ್. ಆಕೆ ಸರಿಯಾಗಿಯೇ ಕಳಿಸಿದ್ದಾರೆ, ನಾನೇ ಪಕ್ಕದಲ್ಲಿ ಕೂತಿದ್ದೆ."

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಗೊತ್ತಾತು ಬಿಡ್ರಿ ಮೇಡಂ. ಆದ್ರೆ ಹೊನ್ನಾಳಿ ಮ್ಯಾನೇಜರು ಅಧ್ಯಕ್ಷರಿಗೆ ಬೀಗರು. ಬೀಗರನ್ನ ಜಗಳೂರಿಗೆ ಹಾಕಿದ್ರೆ ಸೊಸೆನ ಎಲ್ಲಿಗ್ ಹಾಕಾದು?"

೫. ಹತ್ತು ನಿಮಿಷ

ಕೇಳುವ ವಿಂಡೋದಿಂದ ಇವರು ಉದ್ಧಾರವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಬೇರೆಯದನ್ನು ಮಾಡಿದೆ. ಇದು ಏನೂ ಕೇಳುವುದಿಲ್ಲ. ಮೇಲ್ ಅನ್ನು ಹತ್ತು ನಿಮಿಷ ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಅಷ್ಟರೊಳಗೆ ತಪ್ಪು ಗೊತ್ತಾದರೆ ವಾಪಸ್ ತೆಗೆದುಕೊಳ್ಳಬಹುದು. ಫೋಟೋದ ಕೆಳಗೇ ದಪ್ಪಕ್ಷರದಲ್ಲಿ ಬರೆದಿದ್ದೆ: 'ಈ ಮೇಲ್ ಹತ್ತು ನಿಮಿಷ ಇಲ್ಲೇ ಇರುತ್ತದೆ. ಬೇಡವೆನಿಸಿದರೆ ಕೆಳಗೆ ಒತ್ತಿ.' ಕೆಳಗೆ ಕೆಂಪು ಬಟನ್. ಅದನ್ನು ನಾಲ್ಕೂ ಕಡೆ ಹಾಕಿಸಿ, ಆಕೆಯ ಬಗ್ಗೆ ಇನ್ನೊಮ್ಮೆ ಜಗಳ ಮಾಡಲು ಸೆಕ್ರೆಟರಿಯ ಮುಂದೆ ಹೋಗಿ ಕೂತೆ.

ಅವರು ನನ್ನೆದುರಿಗೇ, ಯೂರಿಯಾ ಮೇಲನ್ನೇ ಕಾರಣ ಕೊಟ್ಟು, ಆಕೆಗೆ ವರ್ಗಾವಣೆ ಪತ್ರವನ್ನು ಮೇಲ್ ಮಾಡಿದರು. ನಮ್ಮ ಕಡೆ ಮೇಲ್ ಹಾಕಿದ ಮೇಲೆ ಫೋನು ಮಾಡದಿದ್ದರೆ ಹಾಕಿದ ಹಾಗಲ್ಲ. ಕೂಡಲೇ ನ್ಯಾಮತಿಗೆ ಫೋನು ಹಚ್ಚಿದರು. "ಮೇಲ್ ಹಾಕೀನಿ, ನೋಡಮ್ಮ."

ಸ್ಪೀಕರಿನಲ್ಲಿ ಆಕೆಯ ಸಣ್ಣ ದನಿ. "ಬಂದಿಲ್ಲ ಸರ್."

"ಸರಿಯಾಗಿ ನೋಡು."

"ನೋಡಿದೆ ಸರ್. ಬಂದಿಲ್ಲ."

ಮತ್ತೆ ಒತ್ತಿದರು. ಮತ್ತೆ ಬಂದಿಲ್ಲ. "ಸರ್, ಆ ವಿಂಡೋದಲ್ಲಿ ಬರೆದಿದೆ, ಓದಿ" ಎಂದೆ. "ನೀವು ಸುಮ್ನಿರ್ರಿ ಮೇಡಂ" ಎಂದರು. ಸರಿ, ಸುಮ್ಮನಾದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವತ್ತೂ ಸುಮ್ಮನಾಗಿಲ್ಲ.

"ಬಂದ್ರೂ ಬಂದಿಲ್ಲ ಅಂತಾಳೆ ನೋಡ್ರಿ" ಎನ್ನುತ್ತ ಸಾಕ್ಷಿಗಿರಲಿ ಎಂದು ಜಗಳೂರನ್ನೂ ಸೇರಿಸಿ ಕಳಿಸಿದರು. ಬಂದಿಲ್ಲ. ನಿರ್ದೇಶಕರನ್ನು ಸೇರಿಸಿದರು. ಬಂದಿಲ್ಲ. ಅಧ್ಯಕ್ಷರನ್ನೇ ಸೇರಿಸಿದರು, ಮೌಸನ್ನು ಮೇಜಿಗೆ ಕುಟ್ಟಿ ಕುಟ್ಟಿ ಒತ್ತಿದರು. ಎಷ್ಟು ಸಲ ಎಂದು ನಾನು ಎಣಿಸಲು ಹೋಗಲಿಲ್ಲ. ಒಂದೊಂದು ಸಲ ಒತ್ತಿದಾಗಲೂ ವಿಂಡೋ ತೆರೆದು ಒಬ್ಬೊಬ್ಬ ನಿರ್ದೇಶಕರ ನಗುಮುಖ ತೋರಿಸುತ್ತಿತ್ತು. ಹತ್ತು ನಿಮಿಷ ತುಂಬಿದವು. ಮೊದಲನೆಯದು ಹೊರಟಿತು, ಅದರ ಬೆನ್ನಿಗೆ ಉಳಿದವೆಲ್ಲ ಸಾಲಾಗಿ ಹೊರಟವು.

ಮೊದಲು, ಅಲ್ಲಿಯ ವಿಂಡೋದಲ್ಲೂ ಹತ್ತು ನಿಮಿಷ ಕಾದು, ಜಗಳೂರು ಮ್ಯಾನೇಜರ ಉತ್ತರ ಬಂತು, ಎಲ್ಲರಿಗೂ ಸೇರಿಸಿ: "ಒಬ್ಬರನ್ನೇ ಇಷ್ಟು ಸಲ ನಮ್ಮಲ್ಲಿಗೆ ವರ್ಗ ಮಾಡಿದ್ದೀರಿ. ನಮ್ಮಲ್ಲಿ ಇರುವುದು ಒಂದೇ ಕುರ್ಚಿ. ಹಾಗೆಯೇ, ತಪ್ಪು ಮಾಡಿದವರನ್ನೆಲ್ಲ ಕಳಿಸಲು ನಮ್ಮೂರು ಏನು ತಪ್ಪು ಮಾಡಿದೆ ಎಂದು ತಿಳಿಸಬೇಕು. ಆ ಯೂರಿಯಾ ಮೇಲ್ ನನಗೆ ಬಂದದ್ದು ಹೊನ್ನಾಳಿಯಿಂದ, ನ್ಯಾಮತಿಯಿಂದಲ್ಲ."

ಅದನ್ನು ಓದಿ ಮುಗಿಸುವ ಮೊದಲೇ ಅಧ್ಯಕ್ಷರ ಫೋನು. ಸ್ಪೀಕರ್ ಆರಿಸಲು ಸೆಕ್ರೆಟರಿಗೆ ಕೈ ಬರಲಿಲ್ಲ.

"ಏನ್ರೀ, ಬೀಗರೂಟದಾಗೆ ಕೂತೀನಿ, ತುತ್ತಿಗೊಂದು ಸಲ ಫೋನು ಟಿಣ್ ಅಂತೈತೆ. ಎಲ್ಲಾರೂ ನನ್ನೇ ನೋಡ್ತಾರೆ. ಎಷ್ಟ್ ಸಲ ಕಳಿಸ್ತೀರಿ ಅದೊಂದು ಪತ್ರನ?"

"ತಪ್ಪಿ ಹೋಗೈತೆ ಸರ್."

"ತಪ್ಪಿ ಹೋದ್ರೆ ಜಗಳೂರು ಅಂತ ನಿಯಮ ಮಾಡ್ದೋರು ಯಾರು?"

ಸೆಕ್ರೆಟರಿ ಮೌಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಯೂರಿಯಾದು ಹೊನ್ನಾಳಿಯಿಂದ ಹೋಗಿದ್ದಂತಲ್ಲ? ಬೀಗರು ಇಲ್ಲೇ ನನ್ನ ಮಗ್ಗುಲಾಗೆ ಉಣ್ಣಾಕೆ ಕೂತಾರೆ, ನಾನೇ ಕೇಳ್ತೀನಿ. ಆ ಹೆಣ್ಮಗಳು ಎಲ್ಲಿಗೂ ಹೋಗಂಗಿಲ್ಲ. ವರ್ಗ ರದ್ದಾಗೈತೆ ಅಂತ ಈಗ್ಲೇ ಆಕೆಗೂ ನಂಗೂ ಮೇಲ್ ಹಾಕ್ರಿ. ಇಲ್ಲ ಅಂದ್ರೆ ನೀವು ಹೊರಡ್ರಿ ಜಗಳೂರಿಗೆ. ಮೇಲ್ ಬರಾ ತನಕ ನಾನು ಫೋನ್ ಇಡಲ್ಲ."

ಸೆಕ್ರೆಟರಿ ಅಷ್ಟು ಬೇಗ ಟೈಪ್ ಮಾಡಿದ್ದನ್ನು ನಾನು ನೋಡಿರಲಿಲ್ಲ. ಒತ್ತಿದರು. "ಹಾಕೀನಿ ಸರ್."

"ಬಂದಿಲ್ಲ."

"ಹಾಕೀನಿ ಸರ್, ದೇವರಾಣೆ."

"ಬಂದಿಲ್ಲ ಕಣ್ರೀ."

ಅವರು ನನ್ನ ಕಡೆ ತಿರುಗಿದರು. "ಮೇಡಂ, ಬೇಗ ಹೋಗ ಹಂಗೆ ಏನರ ಮಾಡ್ರಿ."

"ವಿಂಡೋದಲ್ಲಿ ಬರೆದಿದೆ ಸರ್. ಓದಿ."

ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ನಾನು ದಿನಗಟ್ಟಲೆ ತಲೆ ಕೆಡಿಸಿಕೊಂಡು ಬರೆದದ್ದನ್ನು ಅವರು ಮೊದಲ ಸಲ ಓದಿದರು, ಅಧ್ಯಕ್ಷರಿಗೂ ಕೇಳುವ ಹಾಗೆ, ಗಟ್ಟಿಯಾಗಿ.

"ಹತ್ತು ನಿಮಿಷನಾ?" ಎಂದರು ಅಧ್ಯಕ್ಷರು. "ಆಗ್ಲಿ. ಕಾಯ್ತೀನಿ."

ಮಾತಿಗೆ ತಪ್ಪುವವರಲ್ಲ ಅವರು. ಹತ್ತು ನಿಮಿಷವೂ ಫೋನು ಇಡಲಿಲ್ಲ. ಚನ್ನಗಿರಿಯಿಂದ ಜಗಳೂರಿಗೆ ಯಾವ್ಯಾವ ಬಸ್ಸಿದೆ, ದಾವಣಗೆರೆಯಲ್ಲಿ ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಯಾವ ಮಗ್ಗುಲಿನ ಸೀಟು ಹಿಡಿದರೆ ಬಿಸಿಲು ಬೀಳುವುದಿಲ್ಲ ಎಂದು ಸೆಕ್ರೆಟರಿಗೆ ನಿಧಾನವಾಗಿ, ಊಟ ಮಾಡುತ್ತಲೇ, ಹೇಳಿಕೊಟ್ಟರು.